ಜುಲ್ಮಾನೆ ಹಾಕುವ ಹಕ್ಕು ಯಾರದು?

ಬೆಂಗಳೂರು ದಂಡಿನ ಆಚೆಗಿರುವ ಕುಕ್ ಟೌನ್‌ನಲ್ಲಿ ಒಂದು ಸಂಜೆ ಸುಮ್ಮನೆ ನಡೆದು ನೋಡಿ. ವೀಲರ್ ರಸ್ತೆಯಿಂದ ಡೇವಿಸ್ ರಸ್ತೆಯ ಕಡೆಗೆ, ದೊಡ್ಡಿಗುಂಟೆಯಿಂದ ಜೀವನಹಳ್ಳಿಯ ಕಡೆಗೆ ಹೋದಷ್ಟೂ ಗೇಟುಗಳು, ಗೋಡೆಗಳು ನಿಮಗೆ ಎಚ್ಚರಿಕೆ ಹೇಳುತ್ತಲೇ ಇರುತ್ತವೆ. ಇಲ್ಲಿ ಗಾಡಿ ನಿಲ್ಲಿಸಿದರೆ ದಂಡ. ಪಾರ್ಕಿಂಗ್ ಚೀಟಿ ಕಳೆದರೆ ದಂಡ. ತಟ್ಟೆಯಲ್ಲಿ ಅನ್ನ ಬಿಟ್ಟರೆ ದಂಡ. ಪೇಯಿಂಗ್ ಗೆಸ್ಟ್ ಮನೆಗಳ ಮೆಟ್ಟಿಲ ಬಳಿಯಂತೂ ಒಂದು ದಂಡಸಂಹಿತೆಯೇ ತೂಗುತ್ತಿರುತ್ತದೆ: ರಾತ್ರಿ ತಡವಾಗಿ ಬಂದರೆ ಇಷ್ಟು, ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡರೆ ಇಷ್ಟು, ಗೆಳತಿ ಒಂದು ರಾತ್ರಿ ಉಳಿದರೆ ಇಷ್ಟು, ಒಂದು ತಿಂಗಳ ನೋಟೀಸು ಕೊಡದೆ ಖಾಲಿ ಮಾಡಿದರೆ ಅಡ್ವಾನ್ಸನ್ನು ಮರೆತುಬಿಡಬೇಕು.

1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳುವವರೆಗೆ ಈ ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಇಲ್ಲಿ ಬ್ರಿಟಿಷ್ ರೆಸಿಡೆಂಟನ ಆಡಳಿತವಿತ್ತು. ರೆಸಿಡೆಂಟ ಹೋದ. ಆದರೆ ಇವತ್ತು ಒಂದೊಂದು ಅಂಗಡಿಯೂ ಒಂದೊಂದು ರೆಸಿಡೆನ್ಸಿಯಂತೆ ಫರ್ಮಾನು ಹೊರಡಿಸುತ್ತಿದೆ. ನಾವು ಓದುತ್ತೇವೆ, ಹೆದರುತ್ತೇವೆ, ಕೇಳಿದಷ್ಟು ಕೊಟ್ಟು ಬರುತ್ತೇವೆ. ಈ ಬೋರ್ಡು ಬರೆಸಿದವನಿಗೆ ದಂಡ ಹಾಕುವ ಅಧಿಕಾರ ಕೊಟ್ಟವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಇದು. ಕಾನೂನಿನ ಪ್ರಶ್ನೆ ಹೌದು, ಅದಕ್ಕಿಂತ ಹೆಚ್ಚಾಗಿ ನೀತಿಯ ಪ್ರಶ್ನೆ.

ಉರ್ದು ಶಾಲೆಯಲ್ಲಿ ಓದಿದವರಿಗೆ ಎರಡು ಪದಗಳು ಬೇರೆಬೇರೆಯಾಗಿ ಗೊತ್ತು. ಒಂದು ಜುರ್ಮಾನಾ, ಇನ್ನೊಂದು ಹರ್ಜಾನಾ. ಜುರ್ಮ್ ಎಂದರೆ ಅಪರಾಧ. ಅಪರಾಧಕ್ಕೆ ಕಟ್ಟುವ ಹಣ ಜುರ್ಮಾನಾ. ಹರ್ಜ್ ಎಂದರೆ ಹಾನಿ; ಆದ ಹಾನಿಯನ್ನು ತುಂಬಿಕೊಡುವ ಹಣ ಹರ್ಜಾನಾ. ಕನ್ನಡದಲ್ಲಿ ಇವೇ ದಂಡ ಮತ್ತು ಪರಿಹಾರ. ದಂಡ ಎಂಬ ಪದದಲ್ಲಿ ಕೋಲಿದೆ, ಅದನ್ನು ಹಿಡಿಯುವ ಕೈ ದೊರೆಯದು. ಪರಿಹಾರದಲ್ಲಿ ಕೋಲಿಲ್ಲ, ತಕ್ಕಡಿ ಇದೆ. ಜುರ್ಮಾನಾ ಎಂಬ ಮಾತು ನಮ್ಮ ಕೋರ್ಟು ಕಚೇರಿಗಳ ಮೂಲಕ ಕನ್ನಡಕ್ಕೆ ಬಂದು ಜುಲ್ಮಾನೆ ಆಯಿತು. ರಕಾರ ಲಕಾರವಾದದ್ದು ಬಾಯಿಯ ರೂಢಿಯಿಂದ ಇರಬಹುದು. ಆದರೆ ಕೇಳುವ ಕಿವಿಗೆ ಅದರಲ್ಲಿ ಅಪರಾಧಕ್ಕಿಂತ ಜುಲುಮೆಯೇ ಹೆಚ್ಚು ಕೇಳಿಸುತ್ತದೆ. ದಂಡ ಕಟ್ಟಿ ಕಟ್ಟಿ ಸೋತ ಜನರ ಅನುಭವ ಆ ಒಂದು ಅಕ್ಷರದಲ್ಲಿ ಉಳಿದಿರುವಂತಿದೆ.

ಕಾನೂನು ಈ ಎರಡನ್ನು ಹೇಗೆ ಬೇರ್ಪಡಿಸುತ್ತದೆ ಎಂಬುದನ್ನು ಮೊದಲು ನೋಡೋಣ. ಶಿಕ್ಷಿಸುವ ಅಧಿಕಾರ ಪ್ರಭುತ್ವದ್ದು. ಟ್ರಾಫಿಕ್ ಪೊಲೀಸರು ದಂಡ ಹಾಕಿದರೆ ಅದರ ಹಿಂದೆ 1988ರ ಮೋಟಾರು ವಾಹನ ಕಾಯ್ದೆ ಇದೆ, ಕೈಗೆ ರಸೀದಿ ಬರುತ್ತದೆ, ಒಪ್ಪದಿದ್ದರೆ ಕೋರ್ಟಿಗೆ ಹೋಗಿ ವಾದಿಸಬಹುದು. ಅಂಗಡಿಯವನಿಗೂ ನಮಗೂ ಇರುವುದು ಈ ಸಂಬಂಧವಲ್ಲ. ನಮ್ಮಿಬ್ಬರ ನಡುವೆ ಇರುವುದು ಕರಾರು, ಅದನ್ನು ಆಳುವುದು 1872ರ ಕರಾರು ಕಾಯ್ದೆ. ಅದರ 74ನೇ ಕಲಮಿನ ಸಾರ ಇಷ್ಟು: ಮಾತಿಗೆ ತಪ್ಪಿದರೆ ಇಷ್ಟು ಕೊಡಬೇಕೆಂದು ಕರಾರಿನಲ್ಲಿ ಬರೆದಿದ್ದರೂ ಆ ಮೊತ್ತ ಬರೀ ಮೇಲ್ಮಿತಿ, ಅದರೊಳಗೆ ನ್ಯಾಯವಾದ ಪರಿಹಾರವೆಷ್ಟೋ ಅಷ್ಟು ಮಾತ್ರ ಸಿಗಬೇಕು. ಬೋರ್ಡಿನ ಮೇಲೆ ಐದು ಸಾವಿರ ಎಂದು ಬರೆದ ಮಾತ್ರಕ್ಕೆ ಐದು ಸಾವಿರ ಅವನದಾಗುವುದಿಲ್ಲ.

ಈ ಮಾತನ್ನು ಸುಪ್ರೀಂ ಕೋರ್ಟ್ ಗಟ್ಟಿಮಾಡಿದ್ದು ಒಬ್ಬ ಆಲೂಗಡ್ಡೆ ಗುತ್ತಿಗೆದಾರನ ಮೊಕದ್ದಮೆಯಲ್ಲಿ. ಮೌಲಾ ಬಕ್ಷ್ ಎಂಬಾತ 1947ರಲ್ಲಿ ಉತ್ತರ ಪ್ರದೇಶದ ಸೇನಾ ಕೇಂದ್ರಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸುವ ಎರಡು ಗುತ್ತಿಗೆ ಹಿಡಿದಿದ್ದ. ಠೇವಣಿಯಾಗಿ ಒಂದಕ್ಕೆ ಹತ್ತು ಸಾವಿರ, ಇನ್ನೊಂದಕ್ಕೆ ಎಂಟೂವರೆ ಸಾವಿರ ಕಟ್ಟಿದ್ದ. ದಂಡುಗಳಿರುವ ಊರುಗಳಲ್ಲೆಲ್ಲ ಇಂಥ ಗುತ್ತಿಗೆದಾರರು ಇರುತ್ತಿದ್ದರು, ನಮ್ಮ ಶಿವಾಜಿನಗರದವರಿಗೆ ಇದು ಹೊಸದಲ್ಲ. ಸರಬರಾಜಿನಲ್ಲಿ ಪದೇಪದೇ ತಪ್ಪಿದಾಗ ಸರಕಾರ ಗುತ್ತಿಗೆ ರದ್ದುಮಾಡಿ 18,500 ರೂಪಾಯಿಯನ್ನೂ ಮುಟ್ಟುಗೋಲು ಹಾಕಿಕೊಂಡಿತು. 1969ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರಳವಾಗಿತ್ತು. ಆಲೂಗಡ್ಡೆಗೆ ಪೇಟೆ ಧಾರಣೆ ಇದೆ, ಬೇರೆಯವರಿಂದ ಎಷ್ಟಕ್ಕೆ ಕೊಂಡಿರಿ, ನಿಮಗೆ ಎಷ್ಟು ಹೆಚ್ಚು ಖರ್ಚಾಯಿತು ಎಂದು ತೋರಿಸಬಹುದಿತ್ತು, ತೋರಿಸಲಿಲ್ಲ, ಆದ್ದರಿಂದ ಹಣ ಹಿಂದಿರುಗಿಸಿ. ಗಮನಿಸಿ, ಆತ ತಪ್ಪು ಮಾಡಿರಲಿಲ್ಲ ಎಂದು ಕೋರ್ಟು ಹೇಳಲಿಲ್ಲ. ಗುತ್ತಿಗೆ ರದ್ದುಮಾಡಿದ್ದು ಸರಿಯೇ. ಆದರೆ ತಪ್ಪಾಗಿದೆ ಎಂಬುದೊಂದೇ ಹಣ ಇಟ್ಟುಕೊಳ್ಳಲು ಕಾರಣವಾಗದು. ಸರಕಾರಕ್ಕೇ ಇಲ್ಲದ ಈ ಅಧಿಕಾರ ಪೇಯಿಂಗ್ ಗೆಸ್ಟ್ ಮಾಲೀಕನಿಗೆ ಎಲ್ಲಿಂದ ಬಂದೀತು?

ಇಲ್ಲಿ ನಮ್ಮ ವರ್ತಕ ಮಿತ್ರರ ಆಕ್ಷೇಪ ಇದ್ದೇ ಇದೆ. 'ಅವನೇ ಓದಿ ಸಹಿ ಹಾಕಿದ್ದಾನಲ್ಲ? ಹೆದರಿಕೆ ಇಲ್ಲದಿದ್ದರೆ ಯಾರು ನಿಯಮ ಪಾಲಿಸುತ್ತಾರೆ?' ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್‌ನಲ್ಲಿ ಬ್ಯಾರಿ ಬೀವಿಸ್ ಎಂಬವರು ಎರಡು ಗಂಟೆ ಉಚಿತವಾಗಿದ್ದ ಖಾಸಗಿ ಪಾರ್ಕಿಂಗ್ ಜಾಗದಲ್ಲಿ 56 ನಿಮಿಷ ಹೆಚ್ಚು ಕಾರು ನಿಲ್ಲಿಸಿದರು. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಜಾಗ ಎಲ್ಲರಿಗೂ ಸರದಿಯಂತೆ ಸಿಗಬೇಕೆಂಬುದು ನ್ಯಾಯವಾದ ಹಿತಾಸಕ್ತಿ, ಸೂಚನಾಫಲಕ ದೊಡ್ಡದಾಗಿಯೇ ಇತ್ತು, ಮೊತ್ತವೂ ಅತಿಯಲ್ಲ ಎಂದಿತು. ನಮ್ಮಲ್ಲಿಯೂ ನಷ್ಟವನ್ನು ಅಳೆಯಲಾಗದ ಕಡೆ ಇಬ್ಬರೂ ಮೊದಲೇ ಪ್ರಾಮಾಣಿಕವಾಗಿ ಅಂದಾಜು ಮಾಡಿಕೊಂಡ ಮೊತ್ತವನ್ನು ಕೋರ್ಟು ಮಾನ್ಯಮಾಡುತ್ತದೆ. ಆದರೆ ನಮ್ಮ 74ನೇ ಕಲಮಿನಲ್ಲಿ ಹೆದರಿಸುವುದಕ್ಕೆ ಬೆಲೆಯಿಲ್ಲ. ಬೆಲೆಯಿರುವುದು ನಷ್ಟಕ್ಕೆ. ಆಂಗ್ಲರೇ ಬರೆದುಕೊಟ್ಟ ಕಾಯ್ದೆ ಈ ಒಂದು ವಿಷಯದಲ್ಲಿ ಆಂಗ್ಲರ ಕೋರ್ಟಿಗಿಂತ ಗ್ರಾಹಕನಿಗೆ ಹತ್ತಿರವಾಗಿದೆ.

ನಷ್ಟಕ್ಕೆ ಸರಿಯಾಗಿ ಎಂಬ ಈ ಅಳತೆ ಮುಸ್ಲಿಮ್ ಓದುಗರಿಗೆ ಬಾಲ್ಯದಿಂದ ಪರಿಚಿತ. ಪ್ರವಾದಿಯವರು (ಸ) ಒಬ್ಬ ಪತ್ನಿಯ ಮನೆಯಲ್ಲಿದ್ದಾಗ ಇನ್ನೊಬ್ಬ ಪತ್ನಿ ಬಟ್ಟಲಿನಲ್ಲಿ ಊಟ ಕಳಿಸುತ್ತಾರೆ. ಮನೆಯಾಕೆ ಸಿಟ್ಟಿನಿಂದ ಕೈಬೀಸಿದಾಗ ಬಟ್ಟಲು ಬಿದ್ದು ಒಡೆಯುತ್ತದೆ. ಪ್ರವಾದಿಯವರು ಚೂರುಗಳನ್ನು ತಾವೇ ಆಯ್ದು, ಚೆಲ್ಲಿದ ಊಟವನ್ನು ಒಟ್ಟುಮಾಡಿ, ಒಡೆದ ಬಟ್ಟಲನ್ನು ಒಡೆದವರ ಮನೆಯಲ್ಲೇ ಉಳಿಸಿಕೊಂಡು, ಅಲ್ಲಿದ್ದ ಒಳ್ಳೆಯ ಬಟ್ಟಲನ್ನು ಕಳಿಸಿಕೊಡುತ್ತಾರೆ. ಬುಖಾರಿಯಲ್ಲಿರುವ ಪ್ರಸಂಗ ಇದು. ಕೋಪದಿಂದ, ಗೊತ್ತಿದ್ದೇ ಒಡೆದ ಬಟ್ಟಲಿಗೂ ಬದಲು ಒಂದೇ ಬಟ್ಟಲು. ಎರಡನೆಯ ಬಟ್ಟಲನ್ನು ಪಾಠ ಕಲಿಸುವುದಕ್ಕೆಂದು ಯಾರೂ ಕೇಳಲಿಲ್ಲ. ಒಡೆದವರು ಬಟ್ಟಲನ್ನು ಕೊಡಲೇಬೇಕು ಎಂಬುದೂ ಅಷ್ಟೇ ಮುಖ್ಯ. ಗಾಜು ಒಡೆದ ಗ್ರಾಹಕ ನನ್ನ ಹಕ್ಕು ಎಂದು ಕೂಗಿ ಹೊರಡುವಂತಿಲ್ಲ. ಹನಫೀ ಪಂಥದ ಬಹುತೇಕ ವಿದ್ವಾಂಸರು ಶಿಕ್ಷೆಯ ರೂಪದಲ್ಲಿ ಹಣ ಕಸಿಯುವುದನ್ನು ಕಾಜಿಗೂ ಅನುಮತಿಸಲಿಲ್ಲ. ಇಮಾಮ್ ಅಬೂ ಯೂಸುಫರ ಹೆಸರಿನಲ್ಲಿ ಬಂದಿರುವ ಅನುಮತಿಯನ್ನೂ, ಹಣವನ್ನು ಕೆಲಕಾಲ ತಡೆಹಿಡಿದು ಮರಳಿಸುವುದು ಎಂದೇ ಹಲವರು ಅರ್ಥಮಾಡಿದರು. ಇಬ್ನು ತೈಮಿಯ್ಯಾ ಅವರಂಥವರು ಅನುಮತಿಸಿದ್ದೂ ಆಡಳಿತಗಾರನಿಗೆ, ವರ್ತಕನಿಗಲ್ಲ.

ನಮ್ಮ ಶಾದಿಮಹಲುಗಳ ವಿಷಯಕ್ಕೆ ಬರೋಣ. ನಿಕಾಹ್ ನಿಂತುಹೋಯಿತು ಎಂದಿಟ್ಟುಕೊಳ್ಳಿ. ಹುಡುಗಿಯ ತಂದೆ ಮಹಲಿಗೆ ಹೋಗಿ ತಲೆತಗ್ಗಿಸಿ ನಿಲ್ಲುತ್ತಾನೆ. ರಸೀದಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅಡ್ವಾನ್ಸ್ ವಾಪಸ್ ಇಲ್ಲ ಎಂದು ಅಚ್ಚಾಗಿದೆ. ಮಾಲೀಕನ ಕಷ್ಟವೂ ನಿಜ. ಆ ತಾರೀಖಿಗೆ ಬೇರೆಯವರನ್ನು ವಾಪಸ್ ಕಳಿಸಿದ್ದಾನೆ, ಮಹಲು ಖಾಲಿ ಬಿದ್ದರೆ ಅವನಿಗೆ ನಷ್ಟ, ಅದನ್ನು ಅಡ್ವಾನ್ಸಿನಿಂದ ಹಿಡಿದುಕೊಳ್ಳುವುದು ನ್ಯಾಯ. ಆದರೆ ಅದೇ ತಾರೀಖಿಗೆ ಮಹಲು ಇನ್ನೊಬ್ಬರಿಗೆ ಪೂರ್ತಿ ಬಾಡಿಗೆಗೆ ಹೋಯಿತಲ್ಲ, ಆಗ? ಒಂದೇ ದಿನಕ್ಕೆ ಇಬ್ಬರಿಂದ ಹಣ ಪಡೆದಂತಾಯಿತು. ದೆಹಲಿಯಲ್ಲಿ ಇದೇ ಪ್ರಶ್ನೆ ದೊಡ್ಡ ಮೊತ್ತದಲ್ಲಿ ಎದ್ದಿತ್ತು. ಕೈಲಾಶ್ ನಾಥ್ ಅಸೋಸಿಯೇಟ್ಸ್ ಎಂಬ ಸಂಸ್ಥೆ ಹರಾಜಿನಲ್ಲಿ 3.12 ಕೋಟಿಗೆ ಕೂಗಿದ ನಿವೇಶನಕ್ಕೆ ಕಟ್ಟಿದ್ದ 78 ಲಕ್ಷವನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮುಟ್ಟುಗೋಲು ಹಾಕಿಕೊಂಡಿತು. ಅದೇ ನಿವೇಶನವನ್ನು 1994ರಲ್ಲಿ 11.78 ಕೋಟಿಗೆ ಮಾರಿತು. ನಷ್ಟವೇ ಇಲ್ಲದ ಕಡೆ ಮುಟ್ಟುಗೋಲು ಸಲ್ಲದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಾದಿಮಹಲಿನ ಮಾಲೀಕ ಈ ತೀರ್ಪನ್ನು ಓದಬೇಕಿಲ್ಲ. ಆ ದಿನದ ಎರಡನೆಯ ಬಾಡಿಗೆ ಎಣಿಸುವಾಗ ಮೊದಲನೆಯ ತಂದೆಯ ಮುಖ ನೆನಪಾದರೆ ಸಾಕು.

ಆದರೆ ಆ ತಂದೆ ಕೋರ್ಟಿಗೆ ಹೋಗುವುದಿಲ್ಲ. ಯಾರೂ ಹೋಗುವುದಿಲ್ಲ. ಹಣ ಮೊದಲೇ ಎದುರಿನವನ ಜೇಬಿನಲ್ಲಿ ಇರುವುದೇ ಅದಕ್ಕೆ ಕಾರಣ. ಠೇವಣಿಯ ಗುಟ್ಟು ಇದೇ. ಕಲಬುರಗಿ ಕಡೆಯಿಂದ ನರ್ಸಿಂಗ್ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಈ ಭಾಗದ ಒಂದು ಪೇಯಿಂಗ್ ಗೆಸ್ಟ್ ಮನೆ ಬಿಡುವಾಗ ಅವಳ ಲೆಕ್ಕ ಹೀಗಿತ್ತು: ಎರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸಿನಲ್ಲಿ ಬಣ್ಣ ಬಳಿಯಲು ಇಷ್ಟು ಹಿಡಿತ, ರಾತ್ರಿ ಪಾಳಿ ಮುಗಿಸಿ ತಡವಾಗಿ ಬಂದ ದಿನಗಳಿಗೆ ಇಷ್ಟು, ಬೀಗದ ಕೈ ಇನ್ನೊಂದು ಮಾಡಿಸಿದ್ದಕ್ಕೆ ಇಷ್ಟು. ಉಳಿದದ್ದು ಊರಿಗೆ ಹೋಗುವ ಬಸ್ ಚಾರ್ಜಿಗೂ ಸಾಲಲಿಲ್ಲ. ರಾತ್ರಿ ಪಾಳಿಯಲ್ಲಿ ಅವಳು ಬೇರೆಯವರ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಳು. ತಡವಾಗಿ ಬಂದದ್ದರಿಂದ ಮಾಲೀಕನಿಗೆ ಆದ ನಷ್ಟವೇನು ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ, ಕೇಳಿದ್ದರೂ ಉತ್ತರ ಹೇಳುವ ಅಗತ್ಯ ಮಾಲೀಕನಿಗಿರಲಿಲ್ಲ. ದೂರು ಕೊಡುವವನೂ ಅವನೇ, ತೀರ್ಪು ಕೊಡುವ ಮುನ್ಸೀಫನೂ ಅವನೇ, ವಸೂಲಿಗೆ ಬರುವ ಅಮೀನನೂ ಅವನೇ. ಯಾವ ಧರ್ಮದ, ಯಾವ ದೇಶದ ನ್ಯಾಯಶಾಸ್ತ್ರವೂ ಒಪ್ಪದ ಈ ಏರ್ಪಾಟನ್ನು ನಾವು ನಗರಜೀವನ ಎಂದು ಒಪ್ಪಿಕೊಂಡಿದ್ದೇವೆ.

ಇದಕ್ಕಿಂತ ಆಳದ ಕೆಡುಕು ಇನ್ನೊಂದಿದೆ. ದಂಡ ಆದಾಯವಾದ ದಿನ, ದಂಡ ಹಾಕುವವನಿಗೆ ಗ್ರಾಹಕನ ತಪ್ಪು ಬೇಕಾಗುತ್ತದೆ. ಬೆಂಗಳೂರಿಗರು ಇದನ್ನು ಟೋಯಿಂಗ್ ಲಾರಿಗಳಲ್ಲಿ ಕಣ್ಣಾರೆ ಕಂಡರು. ವಾಹನ ಎತ್ತಿದಷ್ಟೂ ಖಾಸಗಿ ಗುತ್ತಿಗೆದಾರನಿಗೆ ಸಂಪಾದನೆ. ಪೊಲೀಸರ ಅಧಿಕಾರಕ್ಕೆ ವ್ಯಾಪಾರದ ಚಕ್ರ ಜೋಡಿಸಿದಂತಾಗಿ, ಜನರ ಆಕ್ರೋಶ ಹೆಚ್ಚಿ, 2022ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಬ್ಯಾಂಕುಗಳನ್ನೇ ನೋಡಿ. ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ಸರಕಾರಿ ಬ್ಯಾಂಕುಗಳು 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ವಸೂಲು ಮಾಡಿದ್ದು ಸುಮಾರು 8,500 ಕೋಟಿ ರೂಪಾಯಿ ಎಂದು 2024ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಹಣವಿಲ್ಲದವನಿಗೆ, ಹಣವಿಲ್ಲ ಎಂಬುದಕ್ಕೇ ಹಾಕಿದ ದಂಡ. ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಲ್ಲಿ ಈ ದಂಡವನ್ನು ಕೈಬಿಟ್ಟದ್ದು ಒಳ್ಳೆಯ ಕೆಲಸ. ಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆ ಇನ್ನೂ ಸ್ಪಷ್ಟ: ದಂಡ ಇರುವುದು ಶಿಸ್ತಿಗಾಗಿ, ಅದನ್ನು ಆದಾಯ ಹೆಚ್ಚಿಸಿಕೊಳ್ಳುವ ದಾರಿ ಮಾಡಿಕೊಳ್ಳಬಾರದು, ದಂಡದ ಮೇಲೆ ಬಡ್ಡಿ ಬೆಳೆಸಬಾರದು.

ದಂಡ ಹಾಕುವವನು ದಂಡದಿಂದ ಬದುಕಬಾರದು ಎಂಬ ಈ ತತ್ವವನ್ನು ನಮ್ಮ ಹಿರಿಯರು ಬೇರೆಬೇರೆ ಭಾಷೆಗಳಲ್ಲಿ ಹೇಳಿದ್ದಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ವಿಚಿತ್ರ ವಿಧಿ ಇದೆ. ದೊರೆ ನಿರಪರಾಧಿಗೆ ದಂಡ ಹಾಕಿದರೆ ಅದರ ಮೂವತ್ತು ಪಟ್ಟು ಹಣವನ್ನು ವರುಣನಿಗೆಂದು ನೀರಿಗೆ ಹಾಕಬೇಕು, ಆಮೇಲೆ ಅದು ಬ್ರಾಹ್ಮಣರಿಗೆ ಸೇರಬೇಕು. ಅಂದರೆ ಬೊಕ್ಕಸಕ್ಕೆ ಮರಳಬಾರದು. ನಮ್ಮ ಹಳ್ಳಿಗಳ, ಕರಾವಳಿಯ ತಪ್ಪುಕಾಣಿಕೆಯೂ ಹಾಗೆಯೇ: ತಪ್ಪಿತಸ್ಥ ಕಟ್ಟುವುದು ದೇವರ ಹುಂಡಿಗೆ, ದೂರು ಹೇಳಿದವನ ಚೀಲಕ್ಕಲ್ಲ. ಇಂದಿನ ಇಸ್ಲಾಮೀ ಬ್ಯಾಂಕುಗಳು ಅನುಸರಿಸುವ ಮಾನದಂಡವೂ ಇದೇ ದಾರಿಯದು: ಶಕ್ತಿಯಿದ್ದೂ ಕಂತು ತಡಮಾಡಿದವನಿಂದ ಹಣ ಪಡೆದರೆ ಅದು ದಾನಕ್ಕೆ ಹೋಗಬೇಕು, ಬ್ಯಾಂಕಿನ ಲಾಭಕ್ಕೆ ಸೇರಿದರೆ ಅದು ಬಡ್ಡಿಯೇ. ಇನ್ನು ನಿಜವಾಗಿ ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂಬುದು ಕುರ್‌ಆನಿನ ಅಲ್-ಬಕರಾ ಅಧ್ಯಾಯದ ಆದೇಶ. ನಿಮ್ಮ ಅಂಗಡಿಯ ಬೋರ್ಡಿಗೂ ಈ ಒರೆಗಲ್ಲು ಹಚ್ಚಿ ನೋಡಬಹುದು. ನಾಳೆಯಿಂದ ಎಲ್ಲ ಗ್ರಾಹಕರೂ ನಿಯಮ ಪಾಲಿಸಿಬಿಟ್ಟರೆ ಮಾಲೀಕನಿಗೆ ಸಂತೋಷವೋ, ಸಂಪಾದನೆ ಹೋಯಿತೆಂಬ ಸಂಕಟವೋ?

ಇನ್ನೊಂದು ಒರೆಗಲ್ಲೂ ಇದೆ. ಗ್ರಾಹಕ ತಪ್ಪಿದರೆ ದಂಡ; ವರ್ತಕ ತಪ್ಪಿದರೆ? ಇದೇ ಬೆಂಗಳೂರಿನ ಬೇಗೂರಿನಲ್ಲಿ ಡಿಎಲ್‌ಎಫ್ ಸದರ್ನ್ ಹೋಮ್ಸ್ ಕಟ್ಟಿದ ಫ್ಲ್ಯಾಟುಗಳ ಮೊಕದ್ದಮೆ ನೋಡಿ. ಕೊಂಡವರು ಕಂತು ತಡಮಾಡಿದರೆ 90 ದಿನಗಳ ನಂತರ ವರ್ಷಕ್ಕೆ ಶೇ. 18 ಬಡ್ಡಿ. ಕಂಪನಿ ಮನೆ ತಡವಾಗಿ ಕೊಟ್ಟರೆ ಚದರಡಿಗೆ ತಿಂಗಳಿಗೆ ಐದು ರೂಪಾಯಿ ಮಾತ್ರ. ವಾಯುಪಡೆಯ ವಿಂಗ್ ಕಮಾಂಡರ್ ಆರಿಫುರ್ ರಹಮಾನ್ ಖಾನ್ ಮತ್ತು ಇತರ ಖರೀದಿದಾರರು ಸುಪ್ರೀಂ ಕೋರ್ಟಿನವರೆಗೆ ಹೋದರು. ಈ ಕರಾರು ಸ್ಪಷ್ಟವಾಗಿ ಏಕಪಕ್ಷೀಯ ಎಂದು 2020ರ ಆಗಸ್ಟ್‌ನಲ್ಲಿ ಕೋರ್ಟು ಹೇಳಿ, ಆ ಐದು ರೂಪಾಯಿಯ ಮೇಲೆ ಶೇ. 6ರ ಪರಿಹಾರವನ್ನೂ ಕೊಡಿಸಿತು. ತಾವು ಅಳೆದುಕೊಳ್ಳುವಾಗ ತುಂಬ ಅಳೆದುಕೊಂಡು, ಬೇರೆಯವರಿಗೆ ಕೊಡುವಾಗ ಕಡಿಮೆ ತೂಗುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅಲ್-ಮುತಫ್ಫಿಫೀನ್. ಅದು ಧಾನ್ಯದ ತಕ್ಕಡಿಗೆ ಮಾತ್ರ ಅನ್ವಯಿಸುತ್ತದೆ ಎಂದು ಯಾರು ಹೇಳಿದರು? ಒಪ್ಪಂದದ ಕಾಗದಕ್ಕೂ ಎರಡು ತಟ್ಟೆಗಳಿವೆ.

2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನೇ ಬಾಯಿಬಿಟ್ಟು ಹೇಳಿದೆ. ಆದ ನಷ್ಟಕ್ಕೆ ತೀರಾ ಹೊಂದದ ದಂಡ, ಅತಿಯಾದ ಠೇವಣಿ, ಇವು ಅನ್ಯಾಯದ ಕರಾರುಗಳು. ಕರಾರನ್ನೇ ಪ್ರಶ್ನಿಸುವ ದೂರನ್ನು ರಾಜ್ಯ ಆಯೋಗಕ್ಕೆ ಕೊಡಬೇಕು ಎಂಬುದು ಬಡವರಿಗೆ ಅನುಕೂಲವಾದ ಏರ್ಪಾಟಲ್ಲ. ಆದರೆ ಸೇವೆಯ ಲೋಪ ಎಂದು ಜಿಲ್ಲಾ ಆಯೋಗದ ಬಾಗಿಲು ತಟ್ಟಬಹುದು, ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 1915 ಸಂಖ್ಯೆಗೆ ಫೋನು ಮಾಡಿದರೂ ದೂರು ದಾಖಲಾಗುತ್ತದೆ. ಯಾವ ನಷ್ಟಕ್ಕೆ ಎಷ್ಟು ಹಿಡಿದಿರಿ ಎಂದು ಬರವಣಿಗೆಯಲ್ಲಿ ಕೇಳುವುದು ಮೊದಲ ಹೆಜ್ಜೆ. ಎಷ್ಟೋ ದಂಡಗಳು ಆ ಒಂದು ಪ್ರಶ್ನೆಗೇ ಕರಗುತ್ತವೆ. ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ ಹುಡುಗನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ವಸ್ತುವಿನ ಹತ್ತು ಪಟ್ಟು ಕಕ್ಕಿಸುವವರಿಗೂ ಒಂದು ಮಾತು: ಅವನು ಮಾಡಿದ್ದು ಕಳವು, ಅದಕ್ಕೆ ಪೊಲೀಸ್ ಠಾಣೆ ಇದೆ. ಕೂಡಿಹಾಕಿ, ಬೆದರಿಸಿ ಹಣ ಕೀಳುವುದು ಇನ್ನೊಂದು ಅಪರಾಧ, ಅದು ಮಾಲೀಕನದು.

ಈ ಪತ್ರಿಕೆಯ ಓದುಗರಲ್ಲಿ ಗ್ರಾಹಕರಷ್ಟೇ ವರ್ತಕರೂ ಇದ್ದೀರಿ. ಕಮರ್ಷಿಯಲ್ ಸ್ಟ್ರೀಟಿನಲ್ಲಿ, ರಸೆಲ್ ಮಾರ್ಕೆಟ್ಟಿನಲ್ಲಿ, ಮಸೀದಿ ರಸ್ತೆಯಲ್ಲಿ ಅಂಗಡಿ ಇಟ್ಟವರು, ಮನೆಯ ಮೇಲೊಂದು ಮಹಡಿ ಎತ್ತಿ ಹುಡುಗ ಹುಡುಗಿಯರಿಗೆ ಬಾಡಿಗೆ ಕೊಟ್ಟವರು. ಹಳೆಯ ಇಸ್ಲಾಮೀ ನಗರಗಳ ಪೇಟೆಯಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ, ತೂಕ ಅಳತೆ ನೋಡುವುದು ಅವನ ಕೆಲಸ. ಅವನು ಪೇಟೆಯ ನಡುವೆ ತಿರುಗಾಡಿದರೂ ಆ ಹೊತ್ತಿನಲ್ಲಿ ಪೇಟೆಯ ಪಾಲುದಾರನಲ್ಲ. ತಕ್ಕಡಿ ಹಿಡಿದವನ ಕೈಗೆ ಕೋಲನ್ನೂ ಕೊಡಬಾರದೆಂಬ ತಿಳಿವಳಿಕೆ ಅದು. ನಿಮ್ಮ ವಸ್ತು ಒಡೆದರೆ ವಸ್ತುವಿನ ಬೆಲೆ ಕೇಳಿ, ದಿನ ಖಾಲಿ ಹೋದರೆ ದಿನದ ಬಾಡಿಗೆ ಹಿಡಿಯಿರಿ, ಲೆಕ್ಕ ಬರೆದು ಕೈಗೆ ಕೊಡಿ. ಅಷ್ಟಕ್ಕೆ ನೀವು ಪೂರ್ತಿ ಹಕ್ಕುದಾರರು. ಅದರ ಮೇಲೆ ಒಂದು ರೂಪಾಯಿ ಹಿಡಿದರೂ ಅದನ್ನು ಯಾವ ಖಾತೆಗೆ ಬರೆಯುತ್ತೀರಿ ಎಂದು ಯೋಚಿಸಿ. ಅದು ವ್ಯಾಪಾರದ ಲಾಭವಲ್ಲ, ನಷ್ಟದ ಪರಿಹಾರವೂ ಅಲ್ಲ. ಕನ್ನಡದಲ್ಲಿ ಅದಕ್ಕೊಂದು ಹೆಸರಿದೆ, ಅದು ಜುಲ್ಮಾನೆಯಲ್ಲ, ಬರೀ ಜುಲುಮೆ.